ವೇ ಬ್ರಿಡ್ಜಿನಿಂದ ಆರಂಭಿಸಿ: ಫೋರ್ ಬೈ ಫೋರ್ ಗಾಡಿಯ ಸಸ್ಪೆನ್ಷನ್ ಬದಲಿಸುವ ಮುನ್ನ

ಮಳೆಗಾಲ ಕಳೆದು ಹಳ್ಳಿ ರಸ್ತೆಗಳ ಗುಂಡಿಗಳೆಲ್ಲ ಬಯಲಾಗುವ ಹೊತ್ತಿಗೆ ಗೆಳೆಯರಿಂದಲೂ ಪರಿಚಿತರಿಂದಲೂ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಮಳವಳ್ಳಿ ಕಡೆಯವರೊಬ್ಬರ ಹಳೆಯ ಥಾರ್ ಹಿಂಭಾಗದಲ್ಲಿ ಕುಸಿದಿದೆ. ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳನ್ನು, ಅಂದರೆ ಬ್ಲೇಡುಗಳನ್ನು, ಬಗ್ಗಿಸಿ ಮತ್ತೆ ಕಟ್ಟಿಸಿದರೆ ಸಾಕೋ, ಹೊಸ ಕಟ್ಟನ್ನೇ ಹಾಕಿಸಬೇಕೋ ಎಂಬುದು ಅವರ ಪ್ರಶ್ನೆ. ಮೈಸೂರಿನ ವಿಜಯನಗರದ ಯುವಕರೊಬ್ಬರಿಗೆ ವರ್ಷ ತುಂಬದ ಜಿಮ್ನಿಯನ್ನು ಎರಡು ಇಂಚು ಎತ್ತರಿಸುವ ಆಸೆ, ಆದರೆ ಯಾವ ಕಿಟ್ ಎಂಬಲ್ಲಿ ಗೊಂದಲ. ಪಾಂಡವಪುರದ ಹತ್ತಿರದ ರೈತರೊಬ್ಬರ ಜಿಪ್ಸಿಯಲ್ಲಿ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಮನೆಯವರು ಆ ಗಾಡಿ ಹತ್ತುವುದನ್ನೇ ಬಿಟ್ಟಿದ್ದಾರೆ. ಈ ಮೂವರಿಗೂ ಎಲ್ಲೋ ಒಂದು ಕಡೆ ಸಿಕ್ಕ ಸಲಹೆ ಒಂದೇ: ಲಿಫ್ಟ್ ಕಿಟ್ ಹಾಕಿಸಿ, ಎಲ್ಲ ಸರಿಹೋಗುತ್ತದೆ. ಮೂವರ ಗಾಡಿಯೂ ಬೇರೆ, ಹೊರೆಯೂ ಬೇರೆ, ಕಾಯಿಲೆಯೂ ಬೇರೆಯಾಗಿರುವಾಗ ಔಷಧ ಮಾತ್ರ ಒಂದೇ ಆಗಿರುವುದು ನನಗೆ ಅನುಮಾನ ಹುಟ್ಟಿಸಿತು. ಆದ್ದರಿಂದ ಮೂವರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಯಾವುದರಿಂದ ಅಳೆಯಬೇಕು

ಆಯ್ಕೆಗಳ ಮಾತಿಗೆ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಅವು ಐದು: ಗಾಡಿ ದಿನನಿತ್ಯ ಹೊರುವ ತೂಕ, ಓಡಾಡುವ ರಸ್ತೆ, ಗಾಡಿಯ ಅಡಿಯಲ್ಲಿರುವ ಸಸ್ಪೆನ್ಷನ್ನಿನ (ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್, ಶಾಕ್‌ಗಳ ಏರ್ಪಾಡಿನ) ಜಾತಿ, ಬಿಡಿಭಾಗ ಇಲ್ಲಿಯೇ ಸಿಗುವ ಸಾಧ್ಯತೆ, ಮತ್ತು ಕಾನೂನು. ಎತ್ತರವನ್ನು ನಾನು ಉದ್ದೇಶಪೂರ್ವಕವಾಗಿ ಈ ಪಟ್ಟಿಗೆ ಸೇರಿಸಿಲ್ಲ. ತೂಕಕ್ಕೆ ತಕ್ಕ ಸ್ಪ್ರಿಂಗ್ ಆರಿಸಿದರೆ ಬೇಕಾದ ಎತ್ತರ ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ. ಎತ್ತರವನ್ನು ಮೊದಲು ಆರಿಸಿಕೊಂಡವರಿಗೆ ಆಮೇಲೆ ತೂಕದ ಜೊತೆ ಹೊಂದಿಸಿಕೊಳ್ಳುವುದೇ ಕೆಲಸವಾಗುತ್ತದೆ.

ತೂಕದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಕಬ್ಬು, ಭತ್ತ ಬೆಳೆಯುವ ಸೀಮೆಯಾದ್ದರಿಂದ ವಾಹನ ತೂಗುವ ವೇ ಬ್ರಿಡ್ಜ್ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಗಾಡಿಯನ್ನು ಮೊದಲು ಖಾಲಿಯಾಗಿ, ಆಮೇಲೆ ನೀವು ವಾರದಲ್ಲಿ ಹೆಚ್ಚು ದಿನ ಹೇಗೆ ಓಡಿಸುತ್ತೀರೋ ಹಾಗೆ ತುಂಬಿಕೊಂಡು, ಎರಡು ಸಲ ತೂಗಿಸಿ. ಪ್ರತಿ ಸಲವೂ ಪೂರ್ಣ ತೂಕದ ಜೊತೆಗೆ ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಮ್ಮೆ, ಹಿಂದಿನವನ್ನು ಮಾತ್ರ ನಿಲ್ಲಿಸಿ ಇನ್ನೊಮ್ಮೆ ಅಂಕಿ ಬರೆದುಕೊಳ್ಳಿ. ಸ್ಪ್ರಿಂಗ್ ಕೊಳ್ಳುವಾಗ ಬೇಕಾಗುವುದು ಆಕ್ಸಲ್ಲಿನ ಮೇಲಿನ ತೂಕವೇ ಹೊರತು ಒಟ್ಟು ತೂಕವಲ್ಲ. ಈ ತೂಕದ ಚೀಟಿ ಹಿಡಿದು ಬಂದವರಿಗೆ ‘ಮೀಡಿಯಂ ಕೊಡಿ, ಹೆವಿ ಕೊಡಿ’ ಎಂದು ಊಹೆಯ ಮೇಲೆ ಕೇಳುವ ಪ್ರಮೇಯ ಬರುವುದಿಲ್ಲ.

ಜಿಮ್ನಿಯ ಲೆಕ್ಕವನ್ನೇ ನೋಡಿ. ಅದರ ಖಾಲಿ ತೂಕ ಸುಮಾರು 1,200 ಕಿಲೋ. ಕಂಪನಿ ಒಪ್ಪುವ ಗರಿಷ್ಠ ಒಟ್ಟು ತೂಕ 1,545 ಕಿಲೋ. ಉಳಿಯುವುದು ಮುನ್ನೂರೈವತ್ತು ಕಿಲೋಗಿಂತ ಕಡಿಮೆ. ಎಪ್ಪತ್ತು ಕಿಲೋ ತೂಗುವ ನಾಲ್ವರು ಕೂತರೆ 280 ಆಯಿತು. ಇನ್ನುಳಿದ ಅರುವತ್ತು ಚಿಲ್ಲರೆ ಕಿಲೋದಲ್ಲಿ ಬ್ಯಾಗು, ನೀರಿನ ಕ್ಯಾನು, ಟೆಂಟು ಎಲ್ಲವೂ ಹಿಡಿಯಬೇಕು. ಅದಕ್ಕೆ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ, ಮೂವತ್ತು ನಲವತ್ತು ಕಿಲೋದ ವಿಂಚ್ ಒಂದನ್ನು, ಅದನ್ನು ಕೂರಿಸಲು ಕಬ್ಬಿಣದ ಬಂಪರ್ ಒಂದನ್ನು ಸೇರಿಸಿದರೆ ಲೆಕ್ಕ ಮುಗಿದೇಹೋಯಿತು. ಗಡಸು ಸ್ಪ್ರಿಂಗ್ ಹಾಕಿದರೆ ಗಾಡಿ ಕುಸಿದಂತೆ ಕಾಣುವುದಿಲ್ಲ ಎಂಬುದು ನಿಜ, ಆದರೆ ಬ್ರೇಕು, ಆಕ್ಸಲ್, ಚಾಸಿಗಳ ಹೊರುವ ಮಿತಿ ಅದರಿಂದ ಒಂದು ಕಿಲೋವೂ ಏರುವುದಿಲ್ಲ.

ರಸ್ತೆಯ ವಿಷಯದಲ್ಲಿ ಪ್ರಾಮಾಣಿಕವಾಗಿರುವುದು ತೂಕದ ವಿಷಯದಲ್ಲಿ ಇರುವುದಕ್ಕಿಂತ ಕಷ್ಟ. ವರ್ಷಕ್ಕೊಮ್ಮೆ ಕೊಡಗಿನ ಮಾಂದಲಪಟ್ಟಿ ಹತ್ತುವವರು ವರ್ಷವಿಡೀ ಮಾಂದಲಪಟ್ಟಿಯಲ್ಲೇ ಇರುವವರಂತೆ ಸಾಮಾನು ಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಗಾಡಿ ಓಡುವುದು ಮೈಸೂರಿನ ರಿಂಗ್ ರಸ್ತೆಯಲ್ಲಿ, ಬೆಂಗಳೂರು ಹೆದ್ದಾರಿಯಲ್ಲಿ, ಹಳ್ಳಿಗೆ ಮೂರರಂತೆ ಉಬ್ಬುಗಳಿರುವ ತಾಲ್ಲೂಕು ರಸ್ತೆಗಳಲ್ಲಿ. ಕೃಷಿಕರದ್ದು ಬೇರೆ ಲೋಕ: ವಿಶ್ವೇಶ್ವರಯ್ಯ ನಾಲೆಯ ಏರಿ, ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿಟ್ಟ ಜಾಡು, ಗದ್ದೆಯಂಚಿನ ಕೆಸರು. ಟ್ರ್ಯಾಕ್ಟರ್ ಜಾಡಿನ ನಡುವಿನ ದಿಂಡಿಗೆ ಗಾಡಿಯ ಹೊಟ್ಟೆ ತಾಗುವುದು ಇಲ್ಲಿನ ದಿನನಿತ್ಯದ ತೊಂದರೆ, ಮತ್ತು ಈ ತೊಂದರೆಗೆ ಸ್ಪ್ರಿಂಗ್ ಲಿಫ್ಟ್ ಎಷ್ಟು ಪರಿಹಾರ ಎಂಬುದನ್ನು ಮುಂದೆ ನೋಡೋಣ.

ಮೂರನೆಯದು ಅಡಿಯಲ್ಲಿರುವ ಜಾತಿ. ಜಿಪ್ಸಿಗೂ ಹಳೆಯ ಮಹೀಂದ್ರ ಜೀಪುಗಳಿಗೂ ಮುಂದೆ ಹಿಂದೆ ಎರಡೂ ಕಡೆ ಇಡಿಯ ಆಕ್ಸಲ್, ಬ್ಲೇಡ್ ಕಟ್ಟು. 2010ರಿಂದ 2020ರವರೆಗಿನ ಥಾರ್‌ನ ಸಿಆರ್‌ಡಿಇ ಮಾದರಿಗೆ ಹಿಂದೆ ಬ್ಲೇಡ್, ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಸ್ವತಂತ್ರ ಸಸ್ಪೆನ್ಷನ್. 2020ರ ಹೊಸ ಥಾರ್ ಬಂದಾಗ ಮುಂದೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಶ್‌ಬೋನ್, ಹಿಂದೆ ಇಡಿಯ ಆಕ್ಸಲ್ಲನ್ನು ಹಲವು ತೋಳುಗಳಿಂದ ಹಿಡಿದಿಡುವ ಮಲ್ಟಿಲಿಂಕ್, ಎರಡು ಕಡೆಯೂ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಆಯಿತು. 2023ರ ಜಿಮ್ನಿಗೆ ಮುಂದೆ ಹಿಂದೆ ಇಡಿಯ ಆಕ್ಸಲ್, ಆದರೆ ಕಾಯಿಲ್ ಸ್ಪ್ರಿಂಗ್. ಒಂದು ಗಾಡಿಗೆ ಚೆನ್ನಾಗಿ ಒಗ್ಗುವ ಉಪಾಯ ಇನ್ನೊಂದಕ್ಕೆ ಕೇಡಾಗುವುದು ಈ ವ್ಯತ್ಯಾಸದಿಂದಲೇ.

ಮೊದಲ ಆಯ್ಕೆ: ಸವೆದದ್ದನ್ನು ಮಾತ್ರ ಬದಲಿಸುವುದು

ಇದನ್ನು ಆಯ್ಕೆಯೆಂದೇ ಯಾರೂ ಪರಿಗಣಿಸುವುದಿಲ್ಲ, ಆದರೆ ನನ್ನ ಬಳಿ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಮುಗಿಯುತ್ತವೆ. ಗಾಡಿ ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ತೂಗಿದರೆ, ಬ್ರೇಕ್ ಹಾಕಿದಾಗ ಮೂತಿ ವಿಪರೀತ ತಗ್ಗಿದರೆ, ಟೈರಿನ ಮೇಲ್ಮೈ ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ ಎಂದು ತಿಳಿಯಬಹುದು. ಶಾಕ್‌ನ ಮೈಮೇಲೆ ತೆಳುವಾಗಿ ಎಣ್ಣೆಯ ಪಸೆ ಇದ್ದರೆ ಹೆದರಬೇಕಾಗಿಲ್ಲ. ಎಣ್ಣೆ ಇಳಿದು ಧೂಳು ಮೆತ್ತಿಕೊಂಡು ಕಪ್ಪಾಗಿದ್ದರೆ ಬದಲಿಸಬೇಕು. ಬಾನೆಟ್ ಮೇಲೆ ಕೈಯೂರಿ ಒತ್ತಿ ನೋಡುವ ಪರೀಕ್ಷೆ ಇಂಥ ಗಾಡಿಗಳಲ್ಲಿ ಹೆಚ್ಚೇನೂ ಹೇಳುವುದಿಲ್ಲ, ಏಕೆಂದರೆ ಇವುಗಳ ಸ್ಪ್ರಿಂಗ್ ಕೈಯ ಒತ್ತಡಕ್ಕೆ ಬಗ್ಗುವುದೇ ಕಡಿಮೆ.

ಕಟಕಟ ಶಬ್ದಕ್ಕೆ ಶಾಕ್ ಕಾರಣವಾಗಿರುವುದಕ್ಕಿಂತ ಕೀಲುಗಳ ನಡುವೆ ಕೂರುವ ರಬ್ಬರಿನ ಬುಷ್, ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್ ಕಾರಣವಾಗಿರುವುದೇ ಹೆಚ್ಚು. ಐದಾರು ವರ್ಷ ಓಡಿದ ಗಾಡಿಯ ರಬ್ಬರ್ ಬುಷ್‌ಗಳು ನಮ್ಮ ಬಿಸಿಲಿಗೆ, ಕೆಸರಿಗೆ, ಉಬ್ಬುಗಳಿಗೆ ಬಿರುಕು ಬಿಟ್ಟಿರುತ್ತವೆ. ಸವೆದ ಬುಷ್‌ಗಳ ಮೇಲೆ ಲಕ್ಷ ರೂಪಾಯಿಯ ಶಾಕ್ ಕೂರಿಸಿದರೂ ಗಾಡಿ ಮೊದಲಿನಂತೆಯೇ ಅಲೆದಾಡುತ್ತದೆ. ತೂತು ಬಿದ್ದ ಗಂಗಾಳಕ್ಕೆ ಕಲಾಯಿ ಹಾಕಿಸಿದ ಹಾಗೆ.

ಖರ್ಚಿನ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಕಡಿಮೆಯದು. ಬುಷ್‌ಗಳದ್ದು ಸಾವಿರಗಳ ಲೆಕ್ಕ. ಕಂಪನಿಯ ಶಾಕ್‌ಗಳನ್ನೂ ಸೇರಿಸಿದರೆ ಮೊತ್ತ ಏರುತ್ತದೆಯಾದರೂ ಆಮದು ಕಿಟ್‌ನ ಹತ್ತಿರಕ್ಕೂ ಬರುವುದಿಲ್ಲ. 1961ರಲ್ಲಿ ಆರಂಭವಾದ ಗೇಬ್ರಿಯೆಲ್ ಇಂಡಿಯಾದಂಥ ಇಲ್ಲಿಯದೇ ತಯಾರಕರ ಶಾಕ್‌ಗಳು ಹಳೆಯ ಗಾಡಿಗಳಿಗೆ ಸುಲಭವಾಗಿ ಸಿಗುತ್ತವೆ. ಮಿತಿಯೆಂದರೆ, ಕಂಪನಿಯ ಶಾಕ್ ಖಾಲಿ ಗಾಡಿಗೂ ತುಂಬಿದ ಗಾಡಿಗೂ ರಾಜಿಯಾಗಿ ಮಾಡಿದ್ದು. ಮೇಲೆ ಹೇಳಿದ ಚೀಟಿಯಲ್ಲಿ ನಿಮ್ಮ ಗಾಡಿ ಸದಾ ಇನ್ನೂರು ಕಿಲೋ ಹೆಚ್ಚಿಗೆ ಹೊರುತ್ತಿದೆ ಎಂದು ಬಂದಿದ್ದರೆ ಹೊಸ ಕಂಪನಿ ಭಾಗಗಳೂ ಬೇಗ ಸೋಲುತ್ತವೆ.

ಎರಡನೆಯದು: ಸ್ಪ್ರಿಂಗ್ ಇದ್ದದ್ದೇ ಇರಲಿ, ಶಾಕ್ ಮಾತ್ರ ಒಳ್ಳೆಯದು

ಎತ್ತರ ಬೇಡ, ಹೊರೆಯೂ ಹೆಚ್ಚಿಲ್ಲ, ಆದರೆ ಒರಟು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವುದಿದೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಲ್ಲಿ ಶಾಕ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪ್ರಿಂಗ್ ಹೊಡೆತವನ್ನು ತನ್ನಲ್ಲಿ ಹಿಡಿದಿಟ್ಟು ಹಿಂದಕ್ಕೆ ಕೊಡುತ್ತದೆ. ಶಾಕ್ ಆ ಚಲನೆಯನ್ನು ಎಣ್ಣೆಯ ಮೂಲಕ ಶಾಖವಾಗಿಸಿ ಕೊಲ್ಲುತ್ತದೆ. ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ ವೇಗವಾಗಿ ಓಡಿಸಿ ಇಳಿದು ಶಾಕ್‌ನ ಹತ್ತಿರ ಕೈ ಹಿಡಿದರೆ ಈ ಮಾತು ಅರ್ಥವಾಗುತ್ತದೆ. ಮುಟ್ಟಬೇಡಿ, ಸುಡುತ್ತದೆ. ಸಾಮಾನ್ಯ ಎರಡು ಕೊಳವೆಯ ಶಾಕ್‌ನಲ್ಲಿ ಎಣ್ಣೆಯೂ ಗಾಳಿಯೂ ಒಂದೇ ಕಡೆ ಇರುವುದರಿಂದ ಹೀಗೆ ಕುಲುಕಿದಾಗ ನೊರೆಯೇಳುತ್ತದೆ. ನೊರೆಯಾದ ಎಣ್ಣೆಗೆ ತಡೆಯುವ ಶಕ್ತಿಯಿಲ್ಲ. ನಾಲೆ ಏರಿಯ ಮೇಲೆ ಮೊದಲ ಹತ್ತು ನಿಮಿಷ ಚೆನ್ನಾಗಿದ್ದ ಗಾಡಿ ಆಮೇಲೆ ತೊಟ್ಟಿಲಿನಂತೆ ತೂಗತೊಡಗುವುದು ಇದರಿಂದ.

ಇದಕ್ಕೆ ಮೂರು ಬಗೆಯ ಪರಿಹಾರಗಳು ಮಾರುಕಟ್ಟೆಯಲ್ಲಿವೆ. ಎರಡು ಕೊಳವೆಯ ಶಾಕ್‌ಗೇ ಕಡಿಮೆ ಒತ್ತಡದಲ್ಲಿ ನೈಟ್ರೋಜನ್ ತುಂಬಿ ನೊರೆಯನ್ನು ತಡೆಯುವುದು ಒಂದು. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಇಮುವಿನ ನೈಟ್ರೋಚಾರ್ಜರ್ ಈ ಜಾತಿಯದು. ಅದೇ ದೇಶದ ಐರನ್‌ಮ್ಯಾನ್‌ನಂಥವರು ಮಾಡುವ ಫೋಮ್ ಸೆಲ್ ಶಾಕ್‌ನಲ್ಲಿ ಗಾಳಿಯ ಜಾಗವನ್ನು ವಿಶೇಷ ಫೋಮ್ ತುಂಬಿಕೊಂಡಿರುತ್ತದೆ, ಎಣ್ಣೆಯೂ ಹೆಚ್ಚು. ಮೂರನೆಯದು ಮಾನೋಟ್ಯೂಬ್: ಒಂದೇ ಕೊಳವೆ, ಒಳಗೆ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ಹೆಚ್ಚು ಒತ್ತಡದ ನೈಟ್ರೋಜನ್ನನ್ನೂ ಬೇರ್ಪಡಿಸಿರುತ್ತದೆ. ಜರ್ಮನಿಯ ಬಿಲ್‌ಸ್ಟೈನ್ ಹೆಸರು ಮಾಡಿದ್ದು ಇದರಲ್ಲಿಯೇ. ಥೈಲ್ಯಾಂಡಿನ ಪ್ರೊಫೆಂಡರ್ ಕೂಡ ನಮ್ಮಲ್ಲಿ ಸಾಕಷ್ಟು ಕಾಣಸಿಗುತ್ತದೆ.

ವೇಗದ ಓಟಕ್ಕೆ, ಹೆದ್ದಾರಿಯ ಬಿಗಿತಕ್ಕೆ, ಶಾಖ ಹೊರಹಾಕುವುದಕ್ಕೆ ಮಾನೋಟ್ಯೂಬ್ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಪಿಸ್ಟನ್ ಹೊರಕೊಳವೆಯ ಗೋಡೆಗೇ ತಾಗಿಕೊಂಡು ಓಡುತ್ತದೆ; ಕಲ್ಲು ಬಡಿದು ಮೈ ತಗ್ಗಾದರೆ ಪಿಸ್ಟನ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದ್ದಕ್ಕೆ ಹೊರಗೆ ನೆಗ್ಗು ಬಿದ್ದರೂ ಒಳಕೊಳವೆ ಕೆಲಸ ಮಾಡುತ್ತಿರುತ್ತದೆ. ಮುತ್ತತ್ತಿಯ ಕಡೆ ಹೊಳೆ ದಂಡೆಯ ಬಂಡೆಗಳ ನಡುವೆ ನಿಧಾನವಾಗಿ ತೆವಳುವವರಿಗೆ ಫೋಮ್ ಸೆಲ್ ಅಥವಾ ಗ್ಯಾಸ್ ತುಂಬಿದ ಎರಡು ಕೊಳವೆಯದ್ದೇ ಸಾಕು. ಬೆಂಗಳೂರಿಗೆ ವಾರಕ್ಕೆರಡು ಸಲ ಹೋಗಿಬರುವವರಿಗೆ ಮಾನೋಟ್ಯೂಬಿನ ಹಣ ವಸೂಲಾಗುತ್ತದೆ. ಪಕ್ಕದಲ್ಲಿ ಪ್ರತ್ಯೇಕ ಡಬ್ಬಿ ನೇತಾಡುವ, ತಿರುಗುಗುಂಡಿಗಳಿಂದ ಬಿಗಿ ಸಡಿಲ ಮಾಡಬಹುದಾದ ದುಬಾರಿ ಶಾಕ್‌ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಪರ್ಧೆಗೆ ಇಳಿಯುವವರಿಗೆ ಅವು ಬೇಕು. ಉಳಿದವರಲ್ಲಿ ಹೆಚ್ಚಿನವರು ಆ ಗುಂಡಿಯನ್ನು ಕೊಂಡ ವಾರ ತಿರುಗಿಸಿದ್ದೇ ಕಡೆ.

ಬ್ಲೇಡ್ ಕಟ್ಟಿನ ಗಾಡಿಗಳು

ಈ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಇನ್ನೂ ದುಡಿಯುತ್ತಿರುವ ಗಾಡಿಗಳಲ್ಲಿ ಇವೇ ಹೆಚ್ಚು, ಮತ್ತು ಇವುಗಳಿಗೆ ಸಿಗುವ ಸಲಹೆಯೇ ಅತ್ಯಂತ ಕೆಟ್ಟದ್ದು.

ಕುಸಿದ ಕಟ್ಟಿಗೆ ಮೂರು ದಾರಿಗಳಿವೆ. ಲಾರಿ, ಟ್ರೇಲರುಗಳ ಕೆಲಸ ಮಾಡುವ ಬ್ಲೇಡ್ ವರ್ಕ್ಸ್‌ನವರ ಹತ್ತಿರ ಕಮಾನು ಏರಿಸಿ ಕಟ್ಟಿಸುವುದು ಎಲ್ಲಕ್ಕಿಂತ ಅಗ್ಗ, ಒಂದೇ ದಿನದ ಕೆಲಸ. ಆದರೆ ಸ್ಪ್ರಿಂಗ್ ಉಕ್ಕಿನ ಗುಣವಿರುವುದು ಅದಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಹದದಲ್ಲಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ, ಮತ್ತೆ ಸರಿಯಾಗಿ ಹದ ಕೊಡದೆ ಬಿಟ್ಟರೆ ಆ ಬ್ಲೇಡ್ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಕೆಳಕ್ಕೆ ಕೂರುತ್ತದೆ, ಇಲ್ಲವೇ ಮುರಿಯುತ್ತದೆ. ತಣ್ಣಗಿರುವಾಗಲೇ ಬಡಿದು ಕಮಾನು ಕೊಟ್ಟದ್ದು ಸ್ವಲ್ಪ ವಾಸಿಯಾದರೂ ಶಾಶ್ವತವಲ್ಲ. ಎರಡು ಮೂರು ವರ್ಷದಲ್ಲಿ ಗಾಡಿ ಮಾರುವ ಯೋಚನೆ ಇದ್ದವರಿಗೆ ಇದು ತಪ್ಪೇನಲ್ಲ.

ಎರಡನೆಯ ದಾರಿ ಇನ್ನೊಂದು ಬ್ಲೇಡ್ ಸೇರಿಸುವುದು. ಐದು ಬ್ಲೇಡಿನ ಕಟ್ಟಿಗೆ ಅಷ್ಟೇ ದಪ್ಪದ ಆರನೆಯದನ್ನು ಸೇರಿಸಿದರೆ ಗಡಸು ಹೆಚ್ಚುಕಡಿಮೆ ಐದನೆಯ ಒಂದು ಪಾಲು ಏರುತ್ತದೆ. ದಪ್ಪದ ಬ್ಲೇಡ್ ಸೇರಿಸಿದರೆ ಲೆಕ್ಕವೇ ಬೇರೆ: ಗಡಸು ದಪ್ಪದ ಘನದಂತೆ ಏರುವುದರಿಂದ, ಆರು ಮಿಲಿಮೀಟರಿನ ಬದಲು ಎಂಟು ಮಿಲಿಮೀಟರಿನ ಬ್ಲೇಡ್ ಒಂದೇ ಎರಡಕ್ಕಿಂತ ಹೆಚ್ಚು ಬ್ಲೇಡುಗಳ ಸಮ. ‘ಸ್ವಲ್ಪ ದಪ್ಪದ್ದು ಹಾಕಿದ್ದೀನಿ, ಬಿಗಿಯಾಗಿರತ್ತೆ’ ಎಂದು ಬ್ಲೇಡ್ ಅಂಗಡಿಯವರು ಉಪಕಾರವೆಂಬಂತೆ ಹೇಳಿದಾಗ ಈ ಲೆಕ್ಕ ನೆನಪಿರಲಿ. ದಿನವೂ ಮೇವು, ಗೊಬ್ಬರದ ಚೀಲ ಹೊರುವ ಗಾಡಿಗೆ ಹೆಚ್ಚಿನ ಬ್ಲೇಡ್ ಸರಿ. ವಾರಕ್ಕೊಮ್ಮೆ ಹೊತ್ತು ಆರು ದಿನ ಖಾಲಿ ಓಡುವ ಗಾಡಿಗೆ ಅದು ಶಿಕ್ಷೆ.

ಹೊಸ ಕಟ್ಟನ್ನೇ ಹಾಕಿಸುವುದು ಮೂರನೆಯದು. ಹಣ ಹೆಚ್ಚು, ಆದರೆ ಎಂಟು ಹತ್ತು ವರ್ಷ ಮತ್ತೆ ತಿರುಗಿ ನೋಡಬೇಕಾಗಿಲ್ಲ. ಯಾವ ದಾರಿ ಹಿಡಿದರೂ ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ: ಇರುವ ಕಟ್ಟನ್ನು ಬಿಚ್ಚಿಸಿ, ಬ್ಲೇಡುಗಳ ನಡುವಿನ ತುಕ್ಕು ಕೆರೆದು, ಗ್ರೀಸ್ ಹಚ್ಚಿ, ಕಟ್ಟಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್‌ನ ಬುಷ್ ಬದಲಿಸಿ ಮತ್ತೆ ಜೋಡಿಸಿ ನೋಡಿ. ಬ್ಲೇಡುಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದು ಅಂಟಿಕೊಂಡ ಕಟ್ಟು ಸ್ಪ್ರಿಂಗ್ ಅಲ್ಲ, ಕಬ್ಬಿಣದ ತೊಲೆ. ಎತ್ತಿನಗಾಡಿಗೆ ಸ್ಪ್ರಿಂಗೇ ಇಲ್ಲದಿದ್ದರೂ ಕೀಲೆಣ್ಣೆ ಬಿಡುವುದನ್ನು ಮರೆಯದಿದ್ದ ನಮ್ಮ ಹಿರಿಯರ ಮಕ್ಕಳು ಜೀಪಿಗೆ ಗ್ರೀಸ್ ಹೊಡೆಸುವುದನ್ನು ಮರೆಯುತ್ತೇವೆ.

ಅಗ್ಗದ ಎತ್ತರ

ಉದ್ದದ ಶ್ಯಾಕಲ್, ಕಾಯಿಲ್ ಸ್ಪ್ರಿಂಗ್ ಮೇಲೆ ಕೂರಿಸುವ ಸ್ಪೇಸರ್, ಟಾರ್ಷನ್ ಬಾರಿನ ಬೋಲ್ಟ್ ಬಿಗಿಮಾಡುವುದು, ಈ ಮೂರನ್ನೂ ನಾನು ಒಂದೇ ಕಟ್ಟಿಗೆ ಹಾಕುತ್ತೇನೆ. ಮೂರರಲ್ಲೂ ಸ್ಪ್ರಿಂಗ್ ಹಳೆಯದೇ, ನಿಲುವು ಮಾತ್ರ ಹೊಸದು. ಮೊದಲಿನದಕ್ಕಿಂತ ಐವತ್ತು ಮಿಲಿಮೀಟರ್ ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏರುವುದು ಅದರ ಅರ್ಧದಷ್ಟು ಮಾತ್ರ, ಜೊತೆಗೆ ಆಕ್ಸಲ್ಲಿನ ಕೋನವೂ ತಿರುಗಿ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಿಗೆ ಕೆಲಸ ಹೆಚ್ಚುತ್ತದೆ. ಹೊಸ ಥಾರ್‌ನ ಮುಂದಿನ ಸ್ಪ್ರಿಂಗ್ ತಲೆಯ ಮೇಲೆ ಸ್ಪೇಸರ್ ಇಟ್ಟರೆ ಚಕ್ರ ಗುಂಡಿಗೆ ಇಳಿದಾಗ ಬಾಲ್ ಜಾಯಿಂಟ್, ಹಾಫ್ ಶಾಫ್ಟಿನ ಕೀಲು ಎರಡೂ ಸಹಜ ಮಿತಿ ದಾಟಿ ಎಳೆಯಲ್ಪಡುತ್ತವೆ. ಹಳೆಯ ಥಾರ್‌ನ ಟಾರ್ಷನ್ ಬಾರ್ ಬಿಗಿಮಾಡಿದರೆ ಮೂತಿ ಏರುತ್ತದೆ, ಆದರೆ ಚಕ್ರ ಕೆಳಗಿಳಿಯಲು ಉಳಿದಿದ್ದ ಜಾಗವನ್ನು ನುಂಗಿಯೇ ಏರುತ್ತದೆ. ಪ್ರತಿ ಉಬ್ಬು ಇಳಿಯುವಾಗಲೂ ಮೇಲಿನ ತೋಳು ತಡೆಗೆ ಟಪ್ ಎಂದು ಬಡಿಯುವ ಶಬ್ದ ಕೇಳುತ್ತದೆ. ವರ್ಷಗಳಿಂದ ಕುಸಿದಿರುವ ಟಾರ್ಷನ್ ಬಾರನ್ನು ಕಂಪನಿ ಹೇಳಿದ ಎತ್ತರಕ್ಕೆ ಮರಳಿ ತರಲು ಆ ಬೋಲ್ಟ್ ಇರುವುದು. ಅದಕ್ಕಿಂತ ಮೇಲೆ ಬೇಡ.

ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಪೂರ್ಣ ಕಿಟ್

ಈಗ ಎಲ್ಲರೂ ಕಾದಿರುವ ವಿಷಯ. ನಲವತ್ತರಿಂದ ಐವತ್ತು ಮಿಲಿಮೀಟರ್ ಏರಿಸುವ, ಒಂದೇ ತಯಾರಕರಿಂದ ಒಟ್ಟಿಗೆ ಹೊಂದಿಸಿ ಬಂದ ಸ್ಪ್ರಿಂಗ್ ಮತ್ತು ಶಾಕ್‌ಗಳ ಕಿಟ್, ಸರಿಯಾದ ಗಾಡಿಗೆ ಸರಿಯಾದ ತೂಕ ನೋಡಿ ಹಾಕಿದರೆ ಅಗ್ಗದ ಎತ್ತರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಶಾಕ್‌ನ ಉದ್ದ ಸ್ಪ್ರಿಂಗಿನ ಓಟಕ್ಕೆ ಹೊಂದಿರುತ್ತದೆ. ಬೇರೆ ಬೇರೆ ಕಡೆಯಿಂದ ತಂದು ಜೋಡಿಸಿದಾಗ ಶಾಕ್ ಗಿಡ್ಡವಾದರೆ ಚಕ್ರದ ಭಾರವೆಲ್ಲ ಅದರ ಮೇಲೆಯೇ ನೇತಾಡುತ್ತದೆ. ಉದ್ದವಾದರೆ ಚಕ್ರದ ಏರಿಕೆಯನ್ನು ತಡೆಯುವ ಬಂಪ್ ಸ್ಟಾಪ್ ತಾಗುವ ಮೊದಲೇ ಅದು ಒಳಗೆ ಕುಟ್ಟಿ ಮೌಂಟನ್ನು ಕೀಳುತ್ತದೆ.

ಕಿಟ್ ಆರಿಸುವಾಗ ವೇ ಬ್ರಿಡ್ಜಿನ ಚೀಟಿ ಮತ್ತೆ ಬೇಕು. ಹೆಚ್ಚಿನ ತಯಾರಕರು ಒಂದೇ ಗಾಡಿಗೆ ಎರಡು ಮೂರು ಗಡಸಿನ ಸ್ಪ್ರಿಂಗ್ ಕೊಡುತ್ತಾರೆ. ಕಾಯಿಲ್ ಸ್ಪ್ರಿಂಗಿನ ಗಡಸು ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಹನ್ನೆರಡು ಮಿಲಿಮೀಟರ್ ತಂತಿ ಹದಿಮೂರಾದರೆ ಉಳಿದದ್ದೆಲ್ಲ ಹಾಗೆಯೇ ಇದ್ದರೂ ಗಡಸು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗುತ್ತದೆ. ಮುಂದೆಂದೋ ವಿಂಚ್ ಹಾಕಿಸುತ್ತೇನೆ ಎಂದುಕೊಂಡು ಇಂದೇ ಗಡಸು ಸ್ಪ್ರಿಂಗ್ ಕೊಂಡವರು, ವಿಂಚ್ ಬಾರದೆ, ಖಾಲಿ ಮೂತಿಯೆತ್ತಿಕೊಂಡು ಉಬ್ಬುಗಳ ಮೇಲೆ ನೆಗೆಯುತ್ತ ಓಡಾಡುತ್ತಿರುತ್ತಾರೆ.

ಕಿಟ್‌ನ ಬೆಲೆ ಅಂಗಡಿಯ ಚೀಟಿಯಲ್ಲಿ ಮುಗಿಯುವುದಿಲ್ಲ. ಜಿಮ್ನಿಯಂಥ ಗಾಡಿಯನ್ನು ಏರಿಸಿದಾಗ ಮುಂದಿನ ಆಕ್ಸಲ್ ತನ್ನ ತೋಳುಗಳೊಡನೆ ತುಸು ತಿರುಗುವುದರಿಂದ, ಸ್ಟೀರಿಂಗನ್ನು ತಾನಾಗಿ ನೇರಕ್ಕೆ ತರುವ ಕ್ಯಾಸ್ಟರ್ ಕೋನ ಕಡಿಮೆಯಾಗಿ, ಹೆದ್ದಾರಿಯಲ್ಲಿ ಸ್ಟೀರಿಂಗ್ ನೇರ ನಿಲ್ಲದೆ ಅಲೆಯುತ್ತದೆ. ಅದನ್ನು ಸರಿಪಡಿಸಲು ಬೇರೆ ಬುಷ್ ಬೇಕು. ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿರುವ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ಹೋಸ್ ಸಾಲದಿರಬಹುದು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಇಳಿಸಬೇಕು. ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಹೆಸರಾಂತ ಆಮದು ಕಿಟ್‌ಗಳಿಗೆ ಒಂದು ಲಕ್ಷದ ಆಸುಪಾಸು ಅಥವಾ ಅದಕ್ಕೂ ಮೇಲೆ ತೆರುವಾಗ ಈ ಪಟ್ಟಿಗೂ ಸ್ವಲ್ಪ ಹಣ ಎತ್ತಿಡಬೇಕು. ಹಾಗೆಯೇ, ಬುಷ್ ಒಂದು ಹರಿದರೆ ಅದು ಮೈಸೂರಿನಲ್ಲಿ ಸಿಗುತ್ತದೆಯೋ, ಬೆಂಗಳೂರಿನಿಂದ ಬರಬೇಕೋ, ಇಲ್ಲ ಹಡಗು ಹತ್ತಿ ಬರಬೇಕೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ. ಗಾಡಿ ತಿಂಗಳುಗಟ್ಟಲೆ ನಿಂತರೂ ನಡೆಯುತ್ತದೆ ಎನ್ನುವವರ ಲೆಕ್ಕ ಬೇರೆ; ಹಾಲಿನ ಡೇರಿಗೆ ಅದರಲ್ಲೇ ಹೋಗಬೇಕಾದವರದ್ದು ಬೇರೆ.

ಕಬ್ಬಿನ ಜಾಡಿನ ದಿಂಡಿಗೆ ಬರೋಣ. ಇಡಿಯ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಿರುವುದು ಡಿಫರೆನ್ಷಿಯಲ್ ಗುಂಡು. ಅದು ಚಕ್ರದ ಜೊತೆಗಿರುವುದರಿಂದ ಸ್ಪ್ರಿಂಗ್ ಎಷ್ಟೇ ಏರಿಸಿದರೂ ಒಂದು ಮಿಲಿಮೀಟರೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ಟೈರಿನ ವ್ಯಾಸ ಐವತ್ತು ಮಿಲಿಮೀಟರ್ ಹೆಚ್ಚಿದರೆ ಇಪ್ಪತ್ತೈದು. ಲಿಫ್ಟ್‌ನಿಂದ ಎತ್ತರವಾಗುವುದು ಚಾಸಿ, ಪೆಟ್ರೋಲ್ ಟ್ಯಾಂಕ್, ಬಂಪರಿನ ಕೆಳಗಿನ ಜಾಗ. ಹಳ್ಳ ಇಳಿದು ಹತ್ತುವಾಗ ಮೂತಿ ತಾಗುತ್ತಿದ್ದರೆ ಲಿಫ್ಟ್ ಉಪಯೋಗಕ್ಕೆ ಬರುತ್ತದೆ; ದಿಂಡಿಗೆ ಗುಂಡು ತಾಗುತ್ತಿದ್ದರೆ ಚಕ್ರಗಳನ್ನು ಜಾಡಿನೊಳಗೆ ಇಳಿಸದೆ ದಿಂಡಿನ ಮೇಲೊಂದು, ಅಂಚಿನ ಮೇಲೊಂದು ಇಟ್ಟು ಓಡಿಸುವುದನ್ನು ಕಲಿಯುವುದೇ ಖರ್ಚಿಲ್ಲದ ಪರಿಹಾರ. ಮಾಂದಲಪಟ್ಟಿಗೆ ದಿನವೂ ಪ್ರವಾಸಿಗರನ್ನು ಹತ್ತಿಸುವ ಬಾಡಿಗೆ ಜೀಪುಗಳಲ್ಲಿ ಎಷ್ಟೋ ಬ್ಲೇಡ್ ಕಟ್ಟಿನ ಹಳೆಯ ಮಹೀಂದ್ರಗಳೇ. ಅವನ್ನು ಓಡಿಸುವವರ ಚಕ್ರ ಎಲ್ಲಿ ಬೀಳುತ್ತದೆ ಎಂದು ಒಮ್ಮೆ ಗಮನಿಸಿ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ಕಾಯ್ದೆ ಹೇಳುತ್ತದೆ. ಕಬ್ಬಿಣದ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಸವೆದ ಶಾಕ್, ಬುಷ್‌ಗಳನ್ನು ಅದೇ ಅಳತೆಯ ಹೊಸದರಿಂದ ಬದಲಿಸುವುದು ದುರಸ್ತಿ. ಗಾಡಿಯ ನಿಲುವು, ಟೈರಿನ ಅಳತೆ ಬದಲಾದಾಗ ಪೊಲೀಸರ ಪ್ರಶ್ನೆಗಿಂತ ದೊಡ್ಡದು ಅಪಘಾತದ ನಂತರ ವಿಮೆಯವರು ಕೇಳುವ ಪ್ರಶ್ನೆ. ವಾರಂಟಿಯಲ್ಲಿರುವ ಗಾಡಿಗಂತೂ ಕೈ ಹಾಕುವ ಮೊದಲು ವಾರಂಟಿ ಪುಸ್ತಕವನ್ನು ಪೂರ್ತಿ ಓದಿ.

ಕೂರಿಸುವಾಗ

ಒಳ್ಳೆಯ ಭಾಗವನ್ನು ಕೆಟ್ಟದಾಗಿ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಹಣ ಕೊಟ್ಟೇ ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ನನ್ನ ಗಾಡಿಯ ಎಲ್ಲ ಬುಷ್‌ಗಳನ್ನೂ ಕಂಪನಿಯವೇ ಹೊಸದಾಗಿ ಹಾಕಿಸಿದೆ. ನಾಲ್ಕು ತಿಂಗಳಲ್ಲಿ ಎರಡು ಹರಿದವು. ಬುಷ್ ನಕಲಿಯಿರಬೇಕೆಂದು ಅಂಗಡಿಯವನ ಜೊತೆ ಜಗಳವಾಡಿದ್ದೂ ಆಯಿತು. ತಪ್ಪು ಬುಷ್‌ನದ್ದಾಗಿರಲಿಲ್ಲ: ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿ, ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿಮಾಡಿದ್ದರು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತಾಡುವಾಗ ಬಿಗಿಮಾಡಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಅದು ತಿರುಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಬೋಲ್ಟ್‌ಗಳನ್ನು ಸಡಿಲವಾಗಿ ಸೇರಿಸಿ, ಗಾಡಿಯನ್ನು ತನ್ನ ಕಾಲ ಮೇಲೆ ನಿಲ್ಲಿಸಿದ ಮೇಲೆ ಕೊನೆಯ ಬಿಗಿ ಕೊಡಬೇಕು. ಇದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ, ಪಕ್ಕದಲ್ಲಿ ನಿಂತು ನೋಡಿ.

ಶಾಕ್, ಸ್ಪ್ರಿಂಗ್‌ಗಳನ್ನು ಒಂದು ಆಕ್ಸಲ್ಲಿನ ಎರಡೂ ಕಡೆ ಜೊತೆಯಾಗಿಯೇ ಬದಲಿಸಬೇಕು. ಟಾರ್ಷನ್ ಬಾರ್ ಬಿಚ್ಚಿದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ ಹೋಗಬೇಕು. ಬ್ಲೇಡ್ ಕಟ್ಟಿನ ಯು ಬೋಲ್ಟ್‌ಗಳನ್ನು ಹಳೆಯದನ್ನೇ ಮತ್ತೆ ಹಾಕದೆ ಹೊಸದು ತನ್ನಿ. ಕಾಯಿಲ್ ಸ್ಪ್ರಿಂಗನ್ನು ಮನೆಯಂಗಳದಲ್ಲಿ ಹಗ್ಗ, ತಂತಿ ಕಟ್ಟಿ ಬಿಚ್ಚುವ ಸಾಹಸ ಬೇಡವೇ ಬೇಡ. ಒತ್ತಿಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡರೆ ಪ್ರಾಣಕ್ಕೇ ಅಪಾಯ.

ಆ ಮೂವರಿಗೆ

ಮಳವಳ್ಳಿಯವರಿಗೆ ನಾನು ಹೊಸ ಕಟ್ಟನ್ನು ಹೇಳಿದೆ, ಏಕೆಂದರೆ ಅವರು ಗಾಡಿಯನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವವರು, ಮತ್ತು ಚೀಟಿಯ ಪ್ರಕಾರ ಹಿಂದಿನ ಆಕ್ಸಲ್ಲಿನ ಮೇಲೆ ದಿನವೂ ಹೊರೆಯಿದೆ. ಮುಂದಿನ ಟಾರ್ಷನ್ ಬಾರನ್ನು ಕಂಪನಿಯ ಎತ್ತರಕ್ಕೆ ತಂದು ನಾಲ್ಕು ಹೊಸ ಶಾಕ್ ಹಾಕಿದರೆ ಸಾಕು. ಮೂತಿಯನ್ನೂ ಹಿಂಭಾಗದಷ್ಟೇ ಎತ್ತರಿಸುವ ಹಟ ಬೇಡವೆಂದೆ. ಕೈಯಲ್ಲಿ ಹಣವಿಲ್ಲದಿದ್ದರೆ ಈ ವರ್ಷ ಕಮಾನು ಏರಿಸಿ, ಮುಂದಿನ ವರ್ಷ ಹೊಸದು ಹಾಕಿಸಬಹುದು.

ವಿಜಯನಗರದ ಯುವಕರಿಗೆ ಉತ್ತರ ಅವರ ವಾರಾಂತ್ಯಗಳಲ್ಲಿದೆ. ತಿಂಗಳಿಗೆ ಎರಡು ಸಲವಾದರೂ ಕಲ್ಲುಹಾದಿಗೆ ಹೋಗಿ ಮೂತಿ, ಬಾಲ ತಾಗಿಸಿಕೊಂಡು ಬರುತ್ತಿದ್ದರೆ, ವಾರಂಟಿ ಮುಗಿದ ಮೇಲೆ, ಕಾನೂನಿನ ಅಪಾಯವನ್ನು ಅರಿತುಕೊಂಡೇ ನಲವತ್ತು ಮಿಲಿಮೀಟರಿನ ಕಿಟ್ ಯೋಚಿಸಬಹುದು. ಹಗುರ ಹೊರೆಯ ಸ್ಪ್ರಿಂಗ್, ಕ್ಯಾಸ್ಟರ್ ಸರಿಪಡಿಸುವ ಬುಷ್ ಜೊತೆಗೇ ಇರಲಿ. ಈಗಿನ ಅವರ ಓಡಾಟಕ್ಕೆ ಮಾತ್ರ ಒಳ್ಳೆಯ ಟೈರು, ಟೈರಿನ ಗಾಳಿ ಇಳಿಸಿ ಮತ್ತೆ ತುಂಬಲು ಒಂದು ಸಣ್ಣ ಕಂಪ್ರೆಸರ್, ಇಷ್ಟರಲ್ಲಿಯೇ ಕಿಟ್‌ನಿಂದ ಬಯಸುತ್ತಿರುವ ಅರ್ಧ ಲಾಭ ಸಿಗುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ ಇಪ್ಪತ್ತು ಪಿಎಸ್‌ಐ ಆಸುಪಾಸಿಗೆ ಇಳಿಸಿದ ಟೈರು ಸಣ್ಣ ಕಲ್ಲುಗಳ ಹೊಡೆತವನ್ನು ತಾನೇ ನುಂಗುತ್ತದೆ. ಟಾರಿಗೆ ಬಂದ ಕೂಡಲೇ ಮರಳಿ ತುಂಬಬೇಕು.

ಪಾಂಡವಪುರದ ರೈತರ ಜಿಪ್ಸಿಯನ್ನು ನಾನೇ ಹೋಗಿ ನೋಡಿದೆ. ಹಿಂದಿನ ಮಾಲೀಕರು ಯಾವಾಗಲೋ ಹೊರೆಗೆಂದು ಹಿಂದಿನ ಎರಡೂ ಕಟ್ಟಿಗೆ ಒಂದೊಂದು ದಪ್ಪ ಬ್ಲೇಡ್ ಸೇರಿಸಿದ್ದರು. ಟೈರಿನಲ್ಲಿ ಗಾಳಿ ಕಲ್ಲಿನಂತೆ ತುಂಬಿತ್ತು. ಶ್ಯಾಕಲ್‌ಗಳು ಗ್ರೀಸ್ ಕಂಡು ಎಷ್ಟು ವರ್ಷವಾಗಿತ್ತೋ. ಬ್ಲೇಡ್ ತೆಗೆಸಿ, ಕಟ್ಟು ಬಿಚ್ಚಿ ಶುಚಿಮಾಡಿಸಿ, ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ಇಳಿಸಿ, ಸೋರುತ್ತಿದ್ದ ಹಿಂದಿನ ಶಾಕ್ ಎರಡನ್ನು ಬದಲಿಸಿದೆವು. ಐನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿಸಲು ಹೇಳಿ ಬಂದಿದ್ದೆ. ಆ ಕೆಲಸಕ್ಕೆಂದು ಅವರು ಮಂಡ್ಯಕ್ಕೆ ಬಂದಾಗ ಪಕ್ಕದ ಸೀಟಿನಲ್ಲಿ ಮನೆಯವರೂ ಇದ್ದರು.